ಬಿಗಿ ಕತ್ತಿನ ಮಾನಿಟರ್

ಸೊಸೆ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಒಂದು ಪ್ರೆಸ್ಸಿಗೆ ಶಾಲಾ ಪುಸ್ತಕಗಳ ಪುಟ ಜೋಡಿಸುತ್ತಿದ್ದಳು. ಪ್ರೆಸ್ಸಿನವರು ತಾವು ಹೊಸ ಮಾನಿಟರ್ ಕೊಂಡಾಗ ಹಳೆಯದನ್ನು ಇವಳ ತಲೆಗೆ ಕಟ್ಟಿದ್ದರು. ಪರದೆಯೇನೋ ಚೆನ್ನಾಗಿಯೇ ಇತ್ತು, ಕತ್ತು ಮಾತ್ರ ಮಹಾ ಬಿಗಿ. ಒಂದು ಕೈಯಲ್ಲಿ ಬುಡ ಅದುಮಿ, ಇನ್ನೊಂದು ಕೈಯಲ್ಲಿ ನೆತ್ತಿ ಹಿಡಿದು, ಹಲ್ಲು ಕಚ್ಚಿ ಎಳೆದರೆ ಕೂದಲೆಳೆಯಷ್ಟು ಬಗ್ಗುತ್ತಿತ್ತು. ಟ್ಯೂಬ್‌ಲೈಟಿನ ಬೆಳಕು ಪರದೆಗೆ ಹೊಡೆಯದಂತೆ ಅದನ್ನು ಒಂದು ಹದಕ್ಕೆ ತಂದು ನಿಲ್ಲಿಸಿದ ದಿನ, ಇನ್ನು ಇದನ್ನು ಯಾರೂ ಮುಟ್ಟಕೂಡದು ಎಂದು ಮನೆಯವರಿಗೆಲ್ಲ ಸಾರಿಬಿಟ್ಟಳು. ಮನೆಯವರೆಂದರೆ ಇಬ್ಬರೇ. ಶಾಲೆಯ ವ್ಯಾನ್ ಓಡಿಸುವ ಗಂಡ, ಸೈಕಲ್ ರಿಪೇರಿ ಅಂಗಡಿಯ ಮಾವ.

ಹೀಗಿರುವಾಗ ಒಂದು ದಿನ ತರಕಾರಿ ತರಲು ಹೋಗಿ ಬಂದು ಕೂತರೆ, ಪರದೆಯ ಮೇಲೆ ಟ್ಯೂಬ್‌ಲೈಟ್ ಫಳಫಳ ಹೊಳೆಯುತ್ತಿದೆ. ಮಾನಿಟರ್ ಒಂದಿಷ್ಟು ಮುಖ ಮೇಲೆತ್ತಿತ್ತು. ಗೊಣಗಿಕೊಂಡು ಸರಿಮಾಡಿದಳು. ಮಾರನೆಯ ದಿನವೂ ಅದೇ ಕಥೆ, ಅದರ ಮಾರನೆಯ ದಿನವೂ ಅದೇ.

ಗಂಡನನ್ನು ಕೇಳಿದ್ದಕ್ಕೆ, ಆ ಹೊತ್ತಿನಲ್ಲಿ ತಾನು ವ್ಯಾನಿನಲ್ಲಿ ಮಕ್ಕಳ ಜಗಳ ಬಿಡಿಸುತ್ತಿರುತ್ತೇನೆ ಎಂದ. ಮಾವ ಬಲಗೈ ಎತ್ತಿ ತೋರಿಸಿದರು. ಅದನ್ನು ನೋಡಿ ಕೇಳಿದವಳಿಗೇ ನಾಚಿಕೆಯಾಯಿತು.

ಅಂಗಡಿಯ ಮುಂದೆ ಜಾರಿ ಬಿದ್ದು ಅವರ ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದರೂ ಹಿಡಿತ ಬಂದಿರಲಿಲ್ಲ. ಟೀ ಲೋಟವನ್ನೂ ಎಡಗೈಯಲ್ಲೇ ಎತ್ತುತ್ತಿದ್ದರು. ಅದುಮುತ್ತಿರಿ ಎಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಧೂಳು ತಿನ್ನುತ್ತ ಬಿದ್ದಿತ್ತು. ಈ ವಯಸ್ಸಿನಲ್ಲಿ ಮಕ್ಕಳಾಟವೇ ಎಂದು ಅವರು ಅದರ ಮುಖ ನೋಡಿರಲಿಲ್ಲ. ಅಂಗಡಿಗೆ ಅಂದಿನಿಂದ ಬೀಗ. ಅಪ್ಪ ಎಲ್ಲಿ ಏನಾದರೂ ಮಾಡಿಕೊಂಡಾರೋ ಎಂದು ಮಗ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ, ಅಂಗಡಿಯನ್ನು ಮೊಬೈಲ್ ಕವರ್ ಮಾರುವವನೊಬ್ಬನಿಗೆ ವಹಿಸಿಕೊಡುವುದೆಂದು ಮಾತಾಡಿ ಬಂದಿದ್ದ. ಭಾನುವಾರ ಮಧ್ಯಾಹ್ನ ಅವನು ಬಂದು ಕೀ ತೆಗೆದುಕೊಂಡು ಹೋಗುವವನಿದ್ದ. ಮಾವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆದರೆ ಊಟ ಕಮ್ಮಿಯಾಗಿತ್ತು. ಆ ಅಂಗಡಿ ಕೈಬಿಟ್ಟರೆ ಈ ಮನುಷ್ಯ ಬಹಳ ದಿನ ಬಾಳುವುದಿಲ್ಲ ಎಂದು ಸೊಸೆಗೆ ಒಳಗೊಳಗೇ ಭಯ.

ಹಾಗಾದರೆ ಮಾನಿಟರ್ ಮುಟ್ಟುವವರು ಯಾರು? ಪಕ್ಕದ ಮನೆಯ ಬೆಕ್ಕಿನ ಮೇಲೆ ಅನುಮಾನ ಬಂತು. ಅವಳದು ಒಂದು ವಿಷಯ ತಲೆಗೆ ಹೊಕ್ಕರೆ ಬಿಡುವ ಜಾಯಮಾನವಲ್ಲ, ಗಂಡ ಅವಳನ್ನು ಪತ್ತೇದಾರಿಣಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಮಾನಿಟರಿನ ಕತ್ತಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಗೆರೆ ಎಳೆದಳು. ತರಕಾರಿ ಇದ್ದರೂ ತರಕಾರಿಗೆ ಹೋದಳು. ಬಂದು ನೋಡಿದರೆ ಕತ್ತು ಗೆರೆ ದಾಟಿ ಉಗುರಿನ ಅಂಚಿನಷ್ಟು ಸರಿದಿತ್ತು. ಮತ್ತೆ ಗೆರೆಗೇ ತಂದು ನಿಲ್ಲಿಸಿದರೆ ಮಾರನೆಯ ದಿನ ಇನ್ನೊಂದು ಚೂರು ಹೆಚ್ಚು. ಆಮೇಲೆ ಅದಕ್ಕಿಂತ ಹೆಚ್ಚು. ದಿನದಿಂದ ದಿನಕ್ಕೆ ಬಲಿಯುವ ಬೆಕ್ಕೆಂದರೆ ಅದೆಂಥ ಬೆಕ್ಕು? ಅವಳಿಗೆ ಕೆಲಸದ ಮೇಲೆ ಗಮನವೇ ನಿಲ್ಲದಾಯಿತು.

ಪತ್ತೇದಾರಿಕೆ ಏನೋ ಸರಿ, ದಿನಾ ಎಳೆದು ಎಳೆದು ಭುಜ ಬಿದ್ದುಹೋಗಿತ್ತು, ಪುಟಗಳು ಬಾಕಿ ಬಿದ್ದಿದ್ದವು. ಶುಕ್ರವಾರ ಮಾವ ಮಲಗಿದ್ದಾಗ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದಳು. ಮಾನಿಟರಿನ ಹಿಂದಿನ ಮುಚ್ಚಳ ಬಿಚ್ಚಿದರೆ ಕತ್ತಿನಲ್ಲಿ ಒಂದು ನಟ್ಟು. ಹತ್ತನೇ ನಂಬರಿನ ಸ್ಪ್ಯಾನರ್ ಸರಿಯಾಗಿ ಕೂತಿತು. ಎರಡು ಕೈ ಹಾಕಿ ಸಡಿಲಿಸಿದಳು. ಈಗ ಒಂದೇ ಬೆರಳಿಗೆ ಮಾನಿಟರ್ ಹೌದಪ್ಪ ಅನ್ನುತ್ತಿತ್ತು. ಪೆಟ್ಟಿಗೆ ಮುಟ್ಟಿದ್ದು ಗಂಡನಿಗೆ ಗೊತ್ತಾದರೆ ಒಂದು ಭಾಷಣ ಕೇಳಬೇಕಾದೀತೆಂದು ಯಾರಿಗೂ ಹೇಳಲಿಲ್ಲ.

ಶನಿವಾರ ತರಕಾರಿ ತಂದು ಒಳಗೆ ಬಂದರೆ ಮಾನಿಟರ್ ನೆಟ್ಟಗೆ ಸೂರು ನೋಡುತ್ತಿತ್ತು. ಆಚೆ ಕೋಣೆಯಲ್ಲಿ ಮಾವ ನುಣ್ಣಗೆ ಗಡ್ಡ ಕೆರೆದುಕೊಂಡು, ಒಗೆದ ಅಂಗಿ ತೊಟ್ಟು, ಟೀ ಲೋಟವನ್ನು ಬಲಗೈಯಲ್ಲಿ ಹಿಡಿದು ಕೂತಿದ್ದರು. ಅರ್ಧ ಟೀ ಅಂಗಿಯ ಮೇಲಿತ್ತು, ಅದರ ಪರಿವೆಯೇ ಅವರಿಗಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದರು: "ಅಂಗಡಿ ಕೊಡೋದು ಬೇಡ. ಸೋಮವಾರ ನಾನೇ ಬಾಗಿಲು ತೆಗೀತೀನಿ."

"ಕೈ?" ಎಂದ ಮಗ.

"ಕೈ ಸರಿಹೋಗಿದೆ. ದಿನಾ ಪರೀಕ್ಷೆ ಮಾಡ್ತಿದ್ದೆ. ಇವತ್ತು ಪಾಸಾಯ್ತು."

ಎಂಥ ಪರೀಕ್ಷೆ ಎಂದು ಮಗ ಕೇಳಿದರೆ ನಗುತ್ತ ಎರಡನೇ ಸಲ ಬಡಿಸಿಕೊಂಡರು. ಸೊಸೆಗೆ ಎಲ್ಲ ಹೊಳೆಯಿತು. ಬೆಕ್ಕು ಸಿಕ್ಕಿಬಿದ್ದಿತ್ತು, ಸಿಕ್ಕಿತಲ್ಲ ಎಂಬ ಖುಷಿ ಮಾತ್ರ ಎಳ್ಳಷ್ಟೂ ಇರಲಿಲ್ಲ. ಮನೆಯಲ್ಲಿ ಇದ್ದುದರಲ್ಲೇ ಬಿಗಿಯಾದ ವಸ್ತುವನ್ನು ಹುಡುಕಿ, ಅವಳಿಲ್ಲದ ಹೊತ್ತು ನೋಡಿ, ಆ ಮುದುಕ ಕೈಯ ಬಲ ನೋಡಿಕೊಳ್ಳುತ್ತಿದ್ದರು. ಉಗುರಿನ ಅಂಚಿನಷ್ಟು ಗೆಲ್ಲುತ್ತ ಬಂದಿದ್ದರು. ಅಂಥ ಪರೀಕ್ಷೆಯನ್ನು ಇವಳು ಕೆಡಿಸಿ ಕೂತಿದ್ದಳು. ಸುಮ್ಮನಿದ್ದರೆ ಸೋಮವಾರ ಗಿರಾಕಿಯ ಎದುರಿಗೆ ಆ ಕೈ ಸೋತು ಸ್ಪ್ಯಾನರ್ ಕೆಳಗೆ ಬೀಳುತ್ತದೆ. ಹೇಳಿದರೆ ಈ ನಗು ಈಗಲೇ ಹೋಗುತ್ತದೆ.

ಬೆಳಿಗ್ಗೆ ಗಂಡ ಹೊರಗೆ ವ್ಯಾನ್ ತೊಳೆಯುತ್ತಿದ್ದಾಗ ಮಾವನ ಎದುರು ಹೋಗಿ ನಿಂತಳು. "ಮಾವ, ಆ ಮಾನಿಟರಿನ ನಟ್ಟು ಸಡಿಲ ಮಾಡಿದ್ದೆ. ಶುಕ್ರವಾರ. ನನಗೆ ಗೊತ್ತಿರಲಿಲ್ಲ."

ಮಾವನಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. ಎದ್ದು ಅವಳ ಕೋಣೆಗೆ ನಡೆದರು.

"ಮೊದಲು ಹೇಗಿತ್ತೋ ಹಾಗೆ ಬಿಗಿ ಮಾಡು."

ಅವಳು ಪೆಟ್ಟಿಗೆ ತಂದಳು. ನಟ್ಟಿಗೆ ಹಾಕಿದ ಸ್ಪ್ಯಾನರ್ ಜಾರಿತು, ಮತ್ತೆ ಜಾರಿತು. ಮಾವನ ತಾಳ್ಮೆ ಕೆಟ್ಟಿತು. "ಸ್ಪ್ಯಾನರ್ ಹಿಡಿಯೋ ರೀತಿನಾ ಅದು? ಕೊಡು ಇಲ್ಲಿ" ಎಂದು ಕಿತ್ತುಕೊಂಡು ಬಗ್ಗಿದರು. ತಿರುಗಿಸಿದಷ್ಟು ಹೊತ್ತೂ ಬಾಯಿಗೆ ಬಿಡುವಿರಲಿಲ್ಲ. ಇವಳನ್ನು ಬೈದರು, ಪೆಟ್ಟಿಗೆ ಬಚ್ಚಿಟ್ಟ ಮಗನನ್ನು ಬೈದರು, ಚೆಂಡು ಕೊಟ್ಟ ಡಾಕ್ಟರನ್ನು, ಕವರ್ ಮಾರುವವನನ್ನು, ಕೊನೆಗೆ ಮಾನಿಟರ್ ಮಾಡಿದವನನ್ನೂ ಬಿಡಲಿಲ್ಲ. ಸಡಿಲವಾಗಿದ್ದ ಮಾನಿಟರ್ ಅಷ್ಟರಲ್ಲಿ ಹಿಂದಕ್ಕೆ ವಾಲಿ ಸೂರು ನೋಡುತ್ತ ನಿಂತಿತ್ತು. ಅವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸ್ಪ್ಯಾನರ್ ಮೇಜಿನ ಮೇಲೆ ಕುಕ್ಕಿ, ಬಲಗೈಯಿಂದ ಪರದೆಯ ಅಂಚು ಹಿಡಿದು ಜಗ್ಗಿದರು.

ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿದರು. ಉಹೂಂ.

ಮಾವ ಕುರ್ಚಿಯಲ್ಲಿ ಕುಸಿದು ಕೂತರು. ಬೈಗುಳವೆಲ್ಲ ಖಾಲಿಯಾಗಿತ್ತು. "ಕೊಟ್ಟುಬಿಡಲಿ ಅಂಗಡಿ" ಎಂದರು.

ಅವರ ಮುಖ ನೋಡಲಾಗದೆ ಸೊಸೆ ಮಾನಿಟರಿನ ಕಡೆ ತಿರುಗಿ, ಮಾಡಲು ಬೇರೇನೂ ತೋಚದೆ, ಎಂದಿನಂತೆ ಬುಡ ಅದುಮಿ ನೆತ್ತಿ ಹಿಡಿದು ಎಳೆದಳು. ಕೂದಲೆಳೆಯಷ್ಟೂ ಬರಲಿಲ್ಲ. ಹಲ್ಲು ಕಚ್ಚಿದಳು. ಬರಲಿಲ್ಲ. ಅವಳಿಗೆ ಏನೋ ಹೊಳೆದು, ಗಂಡನನ್ನು ಕೂಗಿದಳು. ಅವನು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಇಷ್ಟೇನಾ ಎಂದು ತೋಳೇರಿಸಿ ಜಗ್ಗಿದ. ಮೇಜು ಮುಂದಕ್ಕೆ ಬಂತು, ಮಾನಿಟರ್ ಬರಲಿಲ್ಲ.

"ಇಷ್ಟೊಂದು ಬಿಗಿ ಮಾಡಿದ್ದು ಯಾರು?" ಎಂದು ಕೇಳಿದ.

ಸೊಸೆ ಮಾವನ ಕಡೆ ನೋಡಿದಳು. ಮಾವ ನಿಧಾನವಾಗಿ ತಮ್ಮ ಬಲಗೈಯನ್ನು ಮಗುಚಿ ನೋಡಿಕೊಂಡರು. ಅಂಗೈಗೆ ಹಳೇ ಗ್ರೀಸು ಮೆತ್ತಿತ್ತು, ನಡುವೆ ಸ್ಪ್ಯಾನರ್ ಒತ್ತಿದ ಗುರುತು ಕೆಂಪಗೆ ಎದ್ದಿತ್ತು. ಎಡಗೈ ನೋಡಿದರು, ಅದು ಶುಭ್ರವಾಗಿತ್ತು. ಆಮೇಲೆ ಅವರು ಮಗನನ್ನು ಕೇಳಿದರು: "ಗಾಳಿ ಪಂಪೂ ಅಟ್ಟದ ಮೇಲೇ ಇದೆಯಾ? ಇಳಿಸು."

ಮಾನಿಟರ್ ಇವತ್ತಿಗೂ ಸೂರು ನೋಡುತ್ತಲೇ ಇದೆ. ಸೊಸೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ, ಟ್ಯೂಬ್‌ಲೈಟ್ ಆರಿಸಿ, ಬಗ್ಗಿ ಬಗ್ಗಿ ಪುಟ ಜೋಡಿಸುತ್ತಾಳೆ. ಸಂಜೆ ಅಂಗಡಿ ಮುಚ್ಚಿ ಬಂದು ಸಡಿಲ ಮಾಡಿಕೊಡುತ್ತೇನೆ ಎಂದು ಮಾವ ದಿನಾ ಬೆಳಿಗ್ಗೆ ಹೇಳಿ ಹೋಗುತ್ತಾರೆ. ಅವರಿಗೆ ಪುರುಸೊತ್ತೇ ಸಿಗುತ್ತಿಲ್ಲ.