ಚಾಪೆಯಮ್ಮನ ಕೆರೆ ರಾಷ್ಟ್ರೀಯ ಉದ್ಯಾನವಾಗುವಾಗ

ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದ್ದ ನೋಟಿಸನ್ನು ಒಂಬತ್ತು ದಿನ ಯಾರೂ ಓದಲಿಲ್ಲ. ಸರ್ಕಾರಿ ಕಾಗದವೆಂದರೆ ಊರಿನವರಿಗೆ ಗೋಡೆಯ ಸುಣ್ಣವಿದ್ದ ಹಾಗೆ. ಇದ್ದರೆ ಇರಲಿ, ಉದುರಿದರೆ ಉದುರಲಿ. ಹತ್ತನೆಯ ದಿನ ಚಾಪೆಯಮ್ಮನ ಸೊಸೆ ಹಿಟ್ಟು ಮಾಡಿಸಲು ಹೋದಳು. ಸರದಿ ಬರುವ ತನಕ ಸುಮ್ಮನೆ ನಿಲ್ಲಲಾರದೆ ಮೊದಲಿನಿಂದ ಕೊನೆಯವರೆಗೆ ಅದನ್ನು ಓದಿದಳು. ಓದಿದವಳು ಡಬ್ಬಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿಬಂದಳು.

ಅತ್ತೆ ಒಳಕೋಣೆಯಲ್ಲಿ ಚಾಪೆ ಹೆಣೆಯುತ್ತಿದ್ದಳು. ಆ ಮನೆಯ ಗೋಡೆಗೆ, ಹೊದಿಕೆಗೆ, ಕೊನೆಗೆ ಕುಡಿಯುವ ನೀರಿಗೂ ಜೊಂಡಿನ ವಾಸನೆ. ಕೆರೆಯಂಚಿನಲ್ಲಿ ಆಳೆತ್ತರ ಬೆಳೆಯುವ ಆ ಹುಲ್ಲನ್ನು ಕೊಯ್ದು, ಒಣಗಿಸಿ, ಹೆಣೆದು ನಲವತ್ತು ವರ್ಷ ಸಂಸಾರ ತೂಗಿಸಿದವಳು ಅವಳು. ಊರಿಗೆಲ್ಲ ಚಾಪೆಯಮ್ಮ. ನಿಜವಾದ ಹೆಸರೇನೆಂದು ಕೇಳಿದರೆ ಹೆತ್ತ ಮಗನೇ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಿದ್ದ.

"ಅತ್ತೆ, ನಮ್ಮ ಕೆರೆ, ಸುತ್ತಲಿನ ಕಾಡು ಎಲ್ಲಾ ರಾಷ್ಟ್ರೀಯ ಉದ್ಯಾನ ಆಗುತ್ತಂತೆ!" ಸೊಸೆಯ ಮುಖ ಅರಳಿತ್ತು. ಅವಳ ಕೆಲಸವೇ ಹಕ್ಕಿ ಎಣಿಸುವುದು. ವಾರಕ್ಕೆ ಮೂರು ದಿನ ಕೊರಳಿಗೆ ದುರ್ಬೀನು ಹಾಕಿಕೊಂಡು ಕೆರೆಯ ಏರಿಯ ಮೇಲೆ ಕೂತು, ಯಾವ ಹಕ್ಕಿ ಎಷ್ಟು ಎಂದು ಬರೆದು ಇಲಾಖೆಗೆ ಕೊಡುತ್ತಿದ್ದಳು. "ತಕರಾರು ಏನಾದ್ರೂ ಇದ್ರೆ ಅರವತ್ತು ದಿನದೊಳಗೆ ಹೇಳಬೇಕಂತೆ. ಶಾಲೆಯಲ್ಲಿ ಸಭೆ ಇದೆ. ಬನ್ನಿ, ಹೋಗೋಣ."

ಚಾಪೆಯಮ್ಮನ ಕೈ ನಿಂತಿತು.

"ಉದ್ಯಾನದ ಸುದ್ದಿ ನನಗೆ ಹೇಳ್ತೀಯೇನೇ? ನಾನು ಹುಟ್ಟಿದ ಊರೇ ಈಗ ಒಂದು ಉದ್ಯಾನ."

ಮದುವೆಯಾಗಿ ಬಂದು ಆರು ವರ್ಷವಾದರೂ ಸೊಸೆ ಈ ಮಾತನ್ನು ಕೇಳಿರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತಳು.

"ಆಗ ನನಗೆ ಏಳು ವರ್ಷ," ಎಂದಳು ಚಾಪೆಯಮ್ಮ. "ಬೆಟ್ಟದ ಮೇಲೆ ಹದಿನಾಲ್ಕು ಮನೆ. ಮೂರು ಜನ ಸಾಹೇಬ್ರು ಬಂದ್ರು. ಸುಮ್ಮನೆ ಜನಗಣತಿ ಅಂದ್ರು. ಅಪ್ಪ ಖುಷಿಯಿಂದ ಹೆಬ್ಬೆಟ್ಟು ಒತ್ತಿದ. ನಮ್ಮನ್ನೂ ಯಾರೋ ಲೆಕ್ಕಕ್ಕೆ ತಗೊಂಡ್ರಲ್ಲ ಅಂತ. ಒಂದೇ ತಿಂಗಳಿಗೆ ಲಾರಿ ಬಂತು. ಊರು ಬಿಡೋಕೆ ಒಪ್ಪಿದೀವಿ ಅಂತ ಆ ಕಾಗದದಲ್ಲಿ ಇತ್ತಂತೆ. ಅಪ್ಪ ಸಾಯೋ ತನಕ ಆ ಬೆರಳನ್ನ ನೋಡ್ಕೊಂಡೇ ಕೂರ್ತಿದ್ದ."

"ಮತ್ತೆ ಯಾವತ್ತೂ ಹೋಗಲಿಲ್ವಾ ಅತ್ತೆ?"

"ಹೋಗಿದ್ದೆ, ಒಂದೇ ಸಲ. ಗೇಟಿನಲ್ಲಿ ಟಿಕೆಟ್ ಕೇಳಿದ್ರು. ನಮ್ಮ ಬಾವಿ ನೋಡೋಕೆ ನಾನು ಟಿಕೆಟ್ ತಗೊಂಡೆ ಕಣೇ. ಒಳಗೆ ಒಬ್ಬ ಹುಡುಗ ಎಲ್ಲಾ ವಿವರಿಸ್ತಿದ್ದ. ಇಲ್ಲಿ ಮನುಷ್ಯರ ಕಾಲೇ ಬಿದ್ದಿಲ್ಲ ಅಂದ. ನಾನು ಬಾವಿ ಕಟ್ಟೆ ಮೇಲೇ ಕೂತಿದ್ದೆ."

ಅವಳು ಮತ್ತೆ ಹೆಣೆಯತೊಡಗಿದಳು. ಮಧ್ಯಾಹ್ನದ ಜೊಂಪಿನಲ್ಲಿ, ಕೈ ತನ್ನಷ್ಟಕ್ಕೆ ಓಡುತ್ತಿರುವಾಗ, ಆ ಬೆಟ್ಟದ ಊರು ಅವಳ ಅರೆಮುಚ್ಚಿದ ಕಣ್ಣೊಳಗೆ ಬರುವುದಿತ್ತು. ಮನೆಗಳಿರುತ್ತಿರಲಿಲ್ಲ, ಬಾಗಿಲುಗಳು ಮಾತ್ರ ಸಾಲಾಗಿ ಹುಲ್ಲಿನಲ್ಲಿ ನಿಂತಿರುತ್ತಿದ್ದವು. ಅವುಗಳ ನಡುವೆ ಜಿಂಕೆಗಳು ನೆಂಟರ ಮನೆಗೆ ಬಂದಂತೆ ನಿಧಾನವಾಗಿ ಹೊಕ್ಕು ಹೊರಡುತ್ತಿದ್ದವು. ಆ ಜಿಂಕೆಗಳ ಮೇಲೆ ಅವಳಿಗೆ ಯಾವತ್ತೂ ಸಿಟ್ಟು ಬಂದಿರಲಿಲ್ಲ.

ಸೊಸೆ ಮೆಲ್ಲಗೆ ಹೇಳಿದಳು, "ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ರು ಅತ್ತೆ. ಈ ಉದ್ಯಾನ ಅನ್ನೋದು ಶುರುವಾಗಿ ಸುಮಾರು ನೂರೈವತ್ತು ವರ್ಷ ಆಯ್ತಂತೆ. ದೂರದ ದೇಶದಲ್ಲಿ ದೊಡ್ಡ ಕಣಿವೆ, ಕುದಿಯೋ ನೀರಿನ ಬುಗ್ಗೆ. ಯಾರೋ ದುಡ್ಡಿದ್ದೋರು ಬೇಲಿ ಹಾಕ್ಕೊಳ್ಳೋದು ಬೇಡ, ಎಲ್ಲರಿಗೂ ಇರಲಿ ಅಂತ ಮಾಡಿದ್ರು. ಉದ್ದೇಶ ಒಳ್ಳೇದೇ. ಆದ್ರೆ ತಲತಲಾಂತರದಿಂದ ಅಲ್ಲೇ ಓಡಾಡ್ಕೊಂಡಿದ್ದವರನ್ನ ಆ 'ಎಲ್ಲರ' ಲೆಕ್ಕಕ್ಕೆ ಸೇರಿಸಲೇ ಇಲ್ಲ. ಹೊರಗೆ ಹಾಕಿದ್ರು. ಅದನ್ನೇ ನೋಡಿ ಬೇರೆ ದೇಶದವರೂ ಕಲಿತರು. ಎಷ್ಟೋ ಕಡೆ ರಾಜರ ಬೇಟೆ ಕಾಡುಗಳೇ ಉದ್ಯಾನ ಆದ್ವು."

"ಅಂಥದ್ದಕ್ಕೆ ನೀನು ಕುಣಿದಾಡ್ತೀಯಲ್ಲ!"

"ಬೇಲಿ ಇಲ್ಲದಿದ್ರೆ ಏನಾಗುತ್ತೆ ಅಂತಾನೂ ನೋಡ್ತಿದೀನಲ್ಲ ಅತ್ತೆ. ಮರಳಿನ ಲಾರಿಗಳು ಮೇಲಿನ ದಂಡೆನ ಅರ್ಧ ತಿಂದು ಹಾಕಿವೆ. ಹೋದ ವರ್ಷ ನಾನೂರು ಬಾತುಕೋಳಿ ಎಣಿಸಿದ್ದೆ. ಈ ವರ್ಷ ನೂರಾ ಎಪ್ಪತ್ತು. ಉದ್ಯಾನ ಆಗಿದ್ದರಿಂದಲೇ ಉಳಿದ ಪ್ರಾಣಿಗಳೂ ಇವೆ. ಈಗ ಕೆಲವು ದೇಶಗಳಲ್ಲಿ ಅಲ್ಲಿನ ಜನಾನೂ ಅಧಿಕಾರಿಗಳೂ ಒಟ್ಟಿಗೆ ಕೂತು ಉದ್ಯಾನ ನೋಡ್ಕೊಳ್ತಾರಂತೆ."

"ಆ ದೇಶದಲ್ಲಿ ನೋಡ್ಕೊಳ್ಳಲಿ. ನಾನು ಮಾತ್ರ ಯಾವ ಸಭೆಗೂ ಬರಲ್ಲ."

ಬಸ್ಸಿನ ಡ್ರೈವರನಾಗಿದ್ದ ಮಗ ಊಟಕ್ಕೆ ಬಂದವನು ತಾಯಿಯ ಪರವೇ ನಿಂತ. "ಅಮ್ಮ ಹೇಳೋದು ಸರಿ. ದೊಡ್ಡವರು ಗೆರೆ ಎಳೆದಾದ ಮೇಲೆ ನಾವು ಹೋಗಿ ಏನು ಮಾಡೋದು? ಓಡೋ ಬಸ್ಸಿಗೆ ಕೈ ಅಡ್ಡ ಹಿಡಿದ ಹಾಗೆ."

"ಇನ್ನೂ ಎಳೆದಿಲ್ಲ ಕಣ್ರೀ. ಅದಕ್ಕೇ ಹೇಳ್ತಿರೋದು," ಎಂದಳು ಸೊಸೆ.

ಮರುದಿನ ಅವಳೊಬ್ಬಳೇ ಇಲಾಖೆಯ ಕಚೇರಿಗೆ ಹೋಗಿ ನಕ್ಷೆ ತೋರಿಸಿ ಎಂದು ಕೇಳಿದಳು. ಗುಮಾಸ್ತ ಉದ್ದನೆಯ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟ. ಕೆರೆಯೂ ದಂಡೆಯೂ ಒಂದೇ ಹಸಿರು. ಜೊಂಡು ಕೊಯ್ಯುವವರ ಕಾಲುದಾರಿಯಾಗಲಿ, ದೋಣಿ ಕಟ್ಟುವ ಗೂಟವಾಗಲಿ ಅದರಲ್ಲಿ ಇರಲಿಲ್ಲ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಜನಬಳಕೆ ಇಲ್ಲ. ಅದರ ಕೆಳಗೆ, ಆಧಾರ: ಹಕ್ಕಿ ಗಣತಿಯ ವರದಿ.

ಅವಳದೇ ವರದಿ.

ಸಂಜೆ ಸೊಸೆ ಅತ್ತೆಯ ಎದುರು ತಲೆಯೆತ್ತದೆ ಕುಳಿತಳು. "ತಪ್ಪು ನಂದೇ ಅತ್ತೆ. ಕೆರೆಯಲ್ಲಿ ಹಕ್ಕಿ ಎಣಿಸಿದೆ. ಅಲ್ಲೇ ಎದುರಿಗೆ ನೀವು ಸೊಂಟದುದ್ದ ನೀರಲ್ಲಿ ನಿಂತಿದ್ರಿ. ನಿಮ್ಮನ್ನ ಬರೀಲೇ ಇಲ್ಲ. ಬರೆಯೋ ಕಾಲಂ ಇರಲಿಲ್ಲ ಅಂತ ಸುಮ್ಮನಾದೆ."

ಚಾಪೆಯಮ್ಮ ಅವಳನ್ನು ಬೈಯಲಿಲ್ಲ. ಅರ್ಧ ಹೆಣೆದ ಚಾಪೆಯನ್ನು ಸುತ್ತಿಟ್ಟು ಹೇಳಿದಳು, "ನಾಳೆ ಬೆಳಿಗ್ಗೆ ನನ್ನ ಜೊತೆ ದೋಣಿಗೆ ಬಾ. ಏರಿ ಮೇಲೆ ಕೂತ್ರೆ ಕೆರೆ ಕಾಣಲ್ಲ."

ಬೆಳಗಿನ ಮಂಜು ನೀರಿನ ಮೇಲೆ ಹೊದಿಕೆಯಂತೆ ಬಿದ್ದಿತ್ತು. ಎಲ್ಲಿ ಕೆರೆ ಮುಗಿದು ಎಲ್ಲಿ ಆಕಾಶ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಅತ್ತೆ ಕೋಲು ಊರಿ ದೋಣಿ ನೂಕಿದರೆ, ಅದು ನೀರಿನಲ್ಲಲ್ಲ, ಯಾರದೋ ನಿದ್ದೆಯಲ್ಲಿ ಹೋಗುತ್ತಿರುವಂತೆ ಸದ್ದಿಲ್ಲದೆ ಸಾಗಿತು. ಜೊಂಡಿನ ಗೋಡೆಗಳು ಎರಡೂ ಕಡೆ ಮೂಡಿ ಮರೆಯಾದವು. ಎಲ್ಲೋ ಒಂದು ಹಕ್ಕಿ ಒಂದೇ ಸಲ ಕೂಗಿ ಸುಮ್ಮನಾಯಿತು.

"ಇದು ಅಜ್ಜಿ ಮೂಲೆ," ಅತ್ತೆ ಪಿಸುಗುಟ್ಟಿದಳು. "ಅದು ಮೊಸಳೆಯಿಲ್ಲದ ಮಡು."

"ಮೊಸಳೆ ಇಲ್ಲ ಅಂದ್ಮೇಲೆ ಆ ಹೆಸರು ಯಾಕೆ?"

"ಹೊಸದಾಗಿ ಮದುವೆಯಾಗಿ ಬಂದವರು ಹೆದರದೆ ನೀರಿಗಿಳೀಲಿ ಅಂತ!"

ಸೊಸೆ ನಕ್ಕಳು. ನಗು ಮಂಜಿನಲ್ಲಿ ತೇಲಿಹೋಯಿತು. ಅತ್ತೆ ತೋರಿಸುತ್ತ ಹೋದಳು. ಈ ವರ್ಷ ಕೊಯ್ದ ಪಟ್ಟಿ, ಅದರ ಪಕ್ಕದಲ್ಲಿ ಮುಂದಿನ ವರ್ಷಕ್ಕೆ ಬಿಟ್ಟ ಪಟ್ಟಿ. ಮೊಟ್ಟೆ ಇಡುವ ತಿಂಗಳಲ್ಲಿ ಯಾರೂ ಕುಡುಗೋಲು ಹಿಡಿಯುವಂತಿಲ್ಲ. ಅದು ಚಾಪೆಯಮ್ಮನ ಅತ್ತೆಯ ಕಾಲದ ಕಟ್ಟಪ್ಪಣೆ. ಜೊಂಡನ್ನು ಕೊಯ್ಯದೆ ಬಿಟ್ಟರೆ ಅದು ಕೆರೆಯನ್ನೇ ನುಂಗುತ್ತದೆ. ಆಮೇಲೆ ಬಾತುಕೋಳಿ ಇಳಿಯಲು ನೀರೇ ಇರುವುದಿಲ್ಲ. ಸೊಸೆ ದುರ್ಬೀನು ಎತ್ತಿ ನೋಡಿದಳು. ಗೂಡುಗಳೆಲ್ಲ ಕೊಯ್ಯದೆ ಬಿಟ್ಟ ಪಟ್ಟಿಯ ಅಂಚಿನಲ್ಲೇ, ಕೊಯ್ದು ತೆರೆದ ನೀರಿಗೆ ಮುಖ ಮಾಡಿಕೊಂಡೇ ಇದ್ದವು.

"ಇದನ್ನ ನೀವೇ ಸಭೆಯಲ್ಲಿ ಹೇಳಬೇಕು ಅತ್ತೆ. ನಾನು ಹೇಳಿದ್ರೆ ಕೇಳಿದ ಮಾತು, ನೀವು ಹೇಳಿದ್ರೆ ಕಂಡ ಮಾತು."

"ಬರ್ತೀನಿ. ಹೆಬ್ಬೆಟ್ಟು ಮಾತ್ರ ಒತ್ತಲ್ಲ."

"ಒತ್ತಬೇಡಿ. ಓದಿಸಿ ಕೇಳಿ. ಮನಸ್ಸು ಒಪ್ಪಿದ್ರೆ ಆಮೇಲೆ ನೋಡೋಣ."

ಈ ಮಾತು ಒಬ್ಬಳಿಂದ ಇನ್ನೊಬ್ಬಳಿಗೆ ಹೋಗಿ ಜೊಂಡು ಕೊಯ್ಯುವ ಮೂವತ್ತೊಂದು ಹೆಂಗಸರಿಗೂ ಮುಟ್ಟಿತು. ಸಭೆಯ ದಿನ ಎಲ್ಲರೂ ಶಾಲೆಯ ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತರು. ಅವರು ಜೊಂಡಿನ ಮಾತೆತ್ತಿದಾಗ ದಣಿದ ಮುಖದ ಅಧಿಕಾರಿಯೊಬ್ಬರು ಕನ್ನಡಕ ಒರೆಸಿಕೊಂಡು ಹೇಳಿದರು, "ಇಲ್ಲಿ ಜನಬಳಕೆ ಇಲ್ಲ ಅಂತ ವರದಿ ಇದೆಯಲ್ಲಮ್ಮ."

ಸೊಸೆ ಎದ್ದು ನಿಂತಳು. "ಆ ವರದಿ ಬರೆದವಳು ನಾನೇ ಸಾರ್. ಅರ್ಧ ಬರೆದಿದ್ದೆ. ಮಿಕ್ಕಿದ್ದನ್ನ ನಮ್ಮತ್ತೆ ಹೇಳ್ತಾರೆ."

ಚಾಪೆಯಮ್ಮ ಎದ್ದಳು. ಮೇಜಿನ ಹತ್ತಿರ ಹೋಗಿ, ಅಲ್ಲಿ ಬಿಡಿಸಿಟ್ಟಿದ್ದ ನಕ್ಷೆಯ ಹಸಿರಿನ ಮೇಲೆ ಬೆರಳಿಟ್ಟಳು. "ಸ್ವಾಮಿ, ಇಲ್ಲಿ ನಲವತ್ತು ವರ್ಷ ನಡೆದಿದೀನಿ. ಇದು ನಮ್ಮ ದಾರಿ. ಇಲ್ಲಿ ಕೊಯ್ತೀವಿ, ಇಲ್ಲಿ ಬಿಡ್ತೀವಿ. ಗೂಡು ಇಲ್ಲಿ. ಉದ್ಯಾನ ಬೇಡ ಅಂತ ನಾನು ಅನ್ನಲ್ಲ. ಮರಳಿನ ಲಾರಿ ನಿಲ್ಲಲಿ, ಹಕ್ಕಿ ಬದುಕಲಿ. ನಾವೂ ಇದೀವಿ ಅಂತ ಬರ್ಕೊಳ್ಳಿ, ಅಷ್ಟೇ."

ಅಧಿಕಾರಿ ನಕ್ಷೆಯ ಮೇಲೆ ಬಾಗಿದರು. ಆಮೇಲೆ ಪೆನ್ನು ತೆಗೆದು ಬೆರಳು ಹೋದ ದಾರಿಯಲ್ಲೇ ಗೆರೆ ಎಳೆಯತೊಡಗಿದರು. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಅವರ ಬೇಡಿಕೆ ಸೇರಿಸಿದ ಅಚ್ಚಾದ ಅರ್ಜಿ ಮುಂದೆ ಬಂತು, ಪಕ್ಕದಲ್ಲಿ ಶಾಯಿಯ ಡಬ್ಬಿ. ಚಾಪೆಯಮ್ಮ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

"ಓದೇ," ಎಂದಳು ಸೊಸೆಗೆ. "ಇನ್ನೊಂದು ಸಲ ಓದು."

ಎರಡನೆಯ ಸಲ ಓದುವಾಗ ಕೊನೆಯ ಸಾಲು ಅವಳ ಕಿವಿಗೆ ಚುಚ್ಚಿತು: ಮುಂದೆ ಬೇರಾವುದೇ ಹಕ್ಕನ್ನು ಕೇಳುವುದಿಲ್ಲ. "ಇದನ್ನ ಹೊಡೆದು ಹಾಕಿ ಸ್ವಾಮಿ. ಪಕ್ಕದಲ್ಲಿ ನಿಮ್ಮ ಸಹಿ ಹಾಕಿ." ಅಧಿಕಾರಿ ಒಂದು ಕ್ಷಣ ಅವಳ ಮುಖ ನೋಡಿ ಸಾಲನ್ನು ಹೊಡೆದು ಸಹಿ ಮಾಡಿದರು. ಆಗ ಅವಳು ಹೆಬ್ಬೆಟ್ಟು ಒತ್ತಿದಳು. ಮುದ್ರೆ ಬಿದ್ದ ಒಂದು ಪ್ರತಿಯನ್ನು ಕೈಗೆ ಪಡೆದೇ ಹೊರಗೆ ಬಂದಳು.

ಎಂಟು ತಿಂಗಳಿಗೆ ಉದ್ಯಾನವಾಯಿತು. ಮರಳಿನ ಲಾರಿಗಳು ನಿಂತವು. ಮೂವತ್ತೊಂದು ಹೆಂಗಸರಿಗೆ ವರ್ಷಕ್ಕೆ ನಾಲ್ಕು ತಿಂಗಳು ಜೊಂಡು ಕೊಯ್ಯಲು ಲಿಖಿತ ಒಪ್ಪಿಗೆ ಸಿಕ್ಕಿತು. ಕೇಳಿದ್ದೆಲ್ಲ ಸಿಗಲಿಲ್ಲ. ಅಜ್ಜಿ ಮೂಲೆಯನ್ನು ಪೂರ್ತಿ ಹಕ್ಕಿಗಳಿಗೇ ಬಿಟ್ಟರು. ಆ ಸುದ್ದಿ ಬಂದಾಗ ಚಾಪೆಯಮ್ಮ ಎರಡು ದಿನ ಚಾಪೆ ಹೆಣೆಯಲು ಕೂರಲಿಲ್ಲ. ಮೀನು ಹಿಡಿಯುವವರ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಎದುರು ದಂಡೆಯ ಊರಿನಿಂದ ಸಭೆಗೆ ಒಬ್ಬರೂ ಬಂದಿರಲಿಲ್ಲ. ಅವರ ದನದ ದಾರಿ ಈಗ ಬೇಲಿಯೊಳಗಿದೆ, ಅವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಅವರ ಅರ್ಜಿಗಳನ್ನು ಚಾಪೆಯಮ್ಮನ ಸೊಸೆಯೇ ಕೂತು ಬರೆದುಕೊಡುತ್ತಿದ್ದಾಳೆ. ಬಸ್ಸು ಓಡಿಸುವ ಮಗನೂ ಬದಲಾಗಿದ್ದಾನೆ. ಎಲ್ಲೇ ನೋಟಿಸು ಕಂಡರೂ ಬಸ್ಸಿನಲ್ಲಿ ಕೂತವರಿಗೆ ಗಟ್ಟಿಯಾಗಿ ಸಾರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಾಡು, ಕೆರೆ, ಬೆಟ್ಟವನ್ನು ಉದ್ಯಾನ ಮಾಡುತ್ತೇವೆ ಎಂದು ಯಾರಾದರೂ ಬಂದರೆ ಹೆದರಬೇಡಿ, ಹಾಗೆಂದು ಕಣ್ಣು ಮುಚ್ಚಿ ತಲೆಯನ್ನೂ ಆಡಿಸಬೇಡಿ. ಕಚೇರಿಗೆ ಹೋಗಿ ನಕ್ಷೆ ನೋಡಿ. ನಿಮ್ಮ ದಾರಿ, ನಿಮ್ಮ ನೀರು, ನಿಮ್ಮ ದುಡಿಮೆಯ ಜಾಗ ಅದರಲ್ಲಿ ಇದೆಯೇ ಎಂದು ಕೇಳಿ. ಗಡುವು ಮುಗಿಯುವ ಮೊದಲೇ ಬರವಣಿಗೆಯಲ್ಲಿ ಹೇಳಿ. ಓದು ಬಾರದಿದ್ದರೆ ನಂಬಿಕೆಯವರಿಂದ ಎರಡು ಸಲ ಓದಿಸಿಕೊಳ್ಳಿ, ಪ್ರತಿ ಇಲ್ಲದೆ ಮನೆಗೆ ಬರಬೇಡಿ. ಹಕ್ಕಿಗೆ ಬಾಯಿಲ್ಲ, ಅದರ ಪರವಾಗಿ ನಾವು ಮಾತಾಡೋಣ. ನಮಗೆ ಬಾಯಿದೆ. ಸಭೆಗೆ ಹೋಗಿ, ನಮ್ಮ ಮಾತನ್ನು ನಾವೇ ಆಡೋಣ.