ಸಾಬವ್ವನ ಬೆರಳಿನ ಶಾಯಿ

ಠಾಣೆ ಶಹರದ ವಾಗ್ಳೆ ಎಸ್ಟೇಟಿನಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದರ ಗೋಡೆಗೆ ಒರಗಿಕೊಂಡು ಸಾಬವ್ವನ ತಗಡಿನ ಖಾನಾವಳಿ ನಿಂತಿತ್ತು. ಕಲಬುರ್ಗಿ ಕಡೆಯ ಹಮಾಲರು ಅಲ್ಲಿ ರೊಟ್ಟಿ ತಿಂದೇ ಲಾರಿಗಳತ್ತ ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಆ ಒಲೆಯೇ. ಹೋಳಿ ಮುಗಿದ ವಾರ ಪಾಲಿಕೆಯವರು ಬಂದು ತಗಡಿನ ಮೇಲೆ ಕೆಂಪು ಬಣ್ಣದ ಗುರುತು ಎಳೆದು ಹೋದರು. ಲೋಕಸಭೆ ಚುನಾವಣೆ ಮುಗಿದ ಕೂಡಲೇ ಕೆಡವುವುದು ಖಚಿತವಾಗಿತ್ತು.

ಅದು 2014. ಠಾಣೆಯ ಸೀಟಿಗೆ ಕೆಣಿ ಸಾಹೇಬರಿಗೂ ಗಾವಂಡ್ ಸಾಹೇಬರಿಗೂ ಜಿದ್ದು ಬಿದ್ದಿತ್ತು. ಕೆಣಿ ಸಾಹೇಬರು ಫೋಟೋದವನನ್ನು ಕರೆದುಕೊಂಡು ಖಾನಾವಳಿಗೆ ಬಂದು ಅರ್ಧ ರೊಟ್ಟಿ ತಿಂದರು. ಸುದ್ದಿ ಕೇಳಿದ ಗಾವಂಡ್ ಸಾಹೇಬರು ಮರುದಿನವೇ ಬಂದು, ಹಸಿಮೆಣಸಿನ ಚಟ್ನಿಗೆ ಕಣ್ಣೀರು ಸುರಿಸುತ್ತ ಎರಡು ತಿಂದರು. "ಮೂರ್ ತಿಂದವ್ಗ ದಿಲ್ಲಿ ಸೀಟ್ ನೋಡ್!" ಎಂದು ಹಮಾಲರು ನಕ್ಕರು.

ಸಾಹೇಬರು ಹೋದ ಮೇಲೆ ಅವರ ಮಂದಿ ಉಳಿದರು. ಗಾವಂಡರ ಕಡೆ ಗುರುನಾಥ, ಠಾಣೆಯಲ್ಲೇ ಹುಟ್ಟಿ ಬೆಳೆದವನು. ಕೆಣಿಯವರ ಕಡೆ ಮಾಪಣ್ಣ, ಸಾಬವ್ವ ಇರುವ ಗಲ್ಲಿಯ ಹಳಬ. ಇಬ್ಬರೂ ಸಾಬವ್ವನ ಗಿರಾಕಿಗಳೇ. ಮೊದಲು ಒಂದೇ ತಾಟಿನಲ್ಲಿ ಕೈಯಿಡುತ್ತಿದ್ದವರು ಈಗ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು.

"ಚಿಗವ್ವಾ, ಗಲ್ಲಿ ವೋಟ್ ನಮ್ ಸಾಹೇಬಗ ಬಿತ್ತಂದ್ರ ಈ ಕೆಂಪ್ ಗುರ್ತು ಅಳಸ್ಲಿಕ್ಕಿ ಹಚ್ತೀನಿ. ಟೆನ್ಶನ್ ನಕೋ," ಎಂದ ಗುರುನಾಥ.

ಮಾಪಣ್ಣ ಕೈ ತೊಳೆಯುವ ನೆಪದಲ್ಲಿ ಒಲೆಯ ಹತ್ತಿರ ಬಂದು, "ಅಕ್ಕಾ, ನಮ್ ಸಾಹೇಬ ಗೆದ್ರ ನಿನ್ ತಗಡಿಗಿ ಕೈ ಹಚ್ಚಾವ ಹುಟ್ಟಿಲ್ಲ," ಎಂದ.

ಸಾಬವ್ವ ಇಬ್ಬರಿಗೂ "ಆಯ್ತಪ್ಪಾ" ಎಂದಳು. ಗಲ್ಲಿಯ ಹೆಂಗಸರು ತನ್ನ ಮಾತು ಕೇಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆದರೆ ಠಾಣೆಗಿಂತ ಒಂದು ವಾರ ಮೊದಲು ಊರಲ್ಲಿ ವೋಟು. ಅಫಜಲಪುರದ ಕಡೆಯ ಊರಗೌಡ ಗಲ್ಲಿಯ ಬಾಯಿಗೇ ಬಸ್ಸು ಕಳಿಸಿದ. ಹೋಗಿಬರುವ ಖರ್ಚು ಅವನದೇ. ತಂಗಿಯ ಬಸುರಿ ಮಗಳ ಕುಬಸವೂ ಇತ್ತು. ವೋಟಿನ ಪಟ್ಟಿಯಲ್ಲಿ ಎರಡೂ ಕಡೆ ಹೆಸರಿತ್ತು. ಊರ ಹೆಸರು ಊರಿಗೆ, ದುಡಿಯುವ ಜಾಗದ ಹೆಸರು ಇಲ್ಲಿಗೆ ಎಂದುಕೊಂಡು ಸಾಬವ್ವ ಹತ್ತಿದಳು. ಅವಳನ್ನು ನೋಡಿ ಗಲ್ಲಿಯ ಹೆಂಗಸರೆಲ್ಲ ಹತ್ತಿದರು. ಹೋದರು, ಉಂಡರು, ವೋಟು ಹಾಕಿದರು. ಬಂದ ಮೇಲೆ ಗುರುನಾಥನಿಗೆ ರೊಟ್ಟಿ ನೀಡುವಾಗ ಅವನು ಅವಳ ಕೈಯನ್ನೇ ಹಿಡಿದುಕೊಂಡ.

"ಏನ್ ಮಾಡ್ಕೊಂಡ್ ಬಂದಿ ಚಿಗವ್ವಾ!"

ಎಡಗೈಯ ತೋರುಬೆರಳಲ್ಲಿ ಉಗುರಿನ ಮೇಲಿಂದ ಇಳಿದ ಕಪ್ಪು ಗೆರೆ. ಒಬ್ಬರಿಗೆ ಒಂದೇ ವೋಟು, ಎರಡು ಕಡೆ ಹಾಕಿದರೆ ಗುನ್ನೆ ಎಂದು ಅವನು ಹೇಳಿದ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದಳು. ಪಪ್ಪಾಯಿ ಹಾಲು ಹಚ್ಚಿದಳು. ಚರ್ಮ ಸುಲಿಯಿತೇ ಹೊರತು ಶಾಯಿ ಹೋಗಲಿಲ್ಲ.

ವೋಟಿನ ಹಿಂದಿನ ದಿನ ಗುರುನಾಥ ಮೆಲ್ಲಗೆ ಅಂದ: "ಬೂತಿನಾಗ ಏಜೆಂಟ್ ನಾನೇ ಇರ್ತೀನಿ. ತಕರಾರ್ ಮಾಡಲ್ಲ. ನೀ ಹಾಕು. ನಿನ್ ಹಿಂದ ಎಲ್ಲಾರೂ ಹಾಕ್ತಾರ."

"ಮಾಪಣ್ಣ?"

"ಅವ ನೀ ಅವನ ಕಡಿ ಅಂತ ತಿಳ್ಕೊಂಡಾನ."

ಸಂಜೆ ಮಾಪಣ್ಣನೂ ಬಂದು ಅದನ್ನೇ ಅಂದ. ಗುರುನಾಥ ಬಾಯಿ ಬಿಡುವುದಿಲ್ಲ, ಪಾಪ, ನೀ ಅವನ ಕಡೆ ಅಂದುಕೊಂಡಿದ್ದಾನೆ ಎಂದು ನಕ್ಕ. ಸಾಬವ್ವನಿಗೆ ನಗು ಬರಲಿಲ್ಲ.

ಮರುದಿನ ಶಾಲೆಯ ಕೋಣೆಯಲ್ಲಿ ಇಬ್ಬರೂ ಏಜೆಂಟರಾಗಿ ಒಂದೇ ಬೆಂಚಿನ ಮೇಲೆ ಕೂತಿದ್ದರು. ನಡುವೆ ಒಂದೇ ವಡಾಪಾವಿನ ಪೊಟ್ಟಣ, ಒಬ್ಬ ವಡಾ ಮುರಿದರೆ ಇನ್ನೊಬ್ಬ ಚಟ್ನಿ ಸವರಿಕೊಳ್ಳುತ್ತಿದ್ದ. ಬೀದಿಯಲ್ಲಿ ಹಲ್ಲು ಕಡಿಯುತ್ತಿದ್ದವರು ಇವರೇನಾ ಎನಿಸಿತು ಸಾಬವ್ವನಿಗೆ. ಅವಳ ಹಿಂದೆ, ಬಸ್ಸಿನಲ್ಲಿ ಊರಿಗೆ ಹೋಗಿಬಂದಿದ್ದ ಹೆಂಗಸರೆಲ್ಲ ಸಾಲು ನಿಂತು, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಅವಳನ್ನೇ ನೋಡುತ್ತಿದ್ದರು.

"ಆಜಿ, ಡಾವಾ ಹಾತ್," ಎಂದರು ಶಾಯಿ ಹಚ್ಚಲು ಮೇಜಿನ ಹಿಂದೆ ಕೂತಿದ್ದ ಮರಾಠಿ ಬಾಯಿ. ಸಾಬವ್ವ ಎಡಗೈ ಚಾಚಿದಳು. ಆ ಬಾಯಿ ಅವಳ ಬೆರಳು ನೋಡಿದರು, ಮುಖ ನೋಡಿದರು, ಆಮೇಲೆ ಬೆಂಚಿನ ಕಡೆ ತಿರುಗಿ ಯಾರದಾದರೂ ತಕರಾರಿದೆಯೇ ಎಂದು ಕೇಳಿದರು.

ಗುರುನಾಥ ಫ್ಯಾನು ನೋಡಿದ. ಮಾಪಣ್ಣ ಪೊಟ್ಟಣ ಮಡಚಿದ.

"ಭಾಜ್ಲಂ ಕಾ, ಆಜಿ?" ಸುಟ್ಟ ಗಾಯವೇ ಎಂದು ಕೇಳಿ ಬಾಯಿಯೇ ದಾರಿ ತೋರಿಸಿದರು. ಪಾಪ, ಒಳ್ಳೆಯ ಹೆಂಗಸು. ರೊಟ್ಟಿ ಬಡಿಯುವ ಕೈ, ಹೌದೆಂದಿದ್ದರೆ ಮುಗಿಯುತ್ತಿತ್ತು.

ಆದರೆ ಸಾಬವ್ವ ಆ ಬೆಂಚನ್ನೇ ನೋಡುತ್ತಿದ್ದಳು. ಒಬ್ಬರ ಕಳವು ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಅದು ಕೊರಳಿಗೆ ಬಿದ್ದ ದನದ ದಾವಣಿ. ಇವತ್ತು ಫ್ಯಾನು ನೋಡಿದವನು ನಾಳೆ ತನ್ನನ್ನೇ ನೋಡುತ್ತಾನೆ. ಅವನ ಸಾಹೇಬ ಸೋತರಂತೂ ಮುಗಿದೇಹೋಯಿತು. ತಾನೊಬ್ಬಳಾದರೆ ಹೇಗೋ ತಡೆದುಕೊಂಡಾಳು, ಹಿಂದಿರುವ ಅಷ್ಟೂ ಹೆಂಗಸರ ಕೊರಳನ್ನು ತಾನೇ ಒಡ್ಡಿದಂತಾಗುತ್ತದೆ.

"ಗಾಯ ಅಲ್ರೀ ಬಾಯಿ. ಊರಾಗ ಹಾಕಿ ಬಂದೀನಿ," ಎಂದು ಕೈ ಹಿಂದೆಳೆದುಕೊಂಡಳು.

ಮಾತು ಆ ಮರಾಠಿ ಬಾಯಿಗೆ ತಿಳಿಯಿತೋ ಇಲ್ಲವೋ, ಹಿಂದಿನ ಸಾಲಿಗೆ ತಿಳಿಯಿತು. ಒಬ್ಬೊಬ್ಬರೇ ಬಾಗಿಲಿನಿಂದ ಸರಿದರು.

ಗುರುನಾಥ ಅವಳ ಹಿಂದೆಯೇ ಅಂಗಳಕ್ಕೆ ಓಡಿಬಂದ. "ಇಡೀ ಗಲ್ಲಿ ಹಾಳ್ ಮಾಡ್ದಿ ಚಿಗವ್ವಾ. ಇನ್ನ ನಿನ್ ತಗಡ್ ಯಾರ್ ಕಾಯ್ತಾರ? ಆ ಊರಗೌಡ ಕಾಯ್ತಾನೇನ್?"

"ನೀ ಹೋಗಪ್ಪಾ, ಬೆಂಚಿನ್ಯಾಗ ನಿನ್ ಜಾಗ ಖಾಲಿ ಅದ," ಎಂದಳು.

ಗಲ್ಲಿಗೆ ಬಂದವಳು ಹಮಾಲರ ಮುಕಾದಮ ಮಹಾದೇವಪ್ಪನನ್ನು ಕರೆದಳು. "ಅಣ್ಣಾ, ಪಾನಾ ತಗೊಂಡ್ ಬಾ. ತಗಡ್ ಬಿಚ್ಚೋದದ."

"ಹುಚ್ಚ್ ಹಿಡಿದದೇನ್? ರಿಜಲ್ಟ್ ಬರ್ಲಿ ತಡಿ. ಯಾವನಾರ ಕೈ ಹಿಡಿದಾನು."

"ಇಬ್ರಾಗ ಯಾವ ಗೆದ್ರೂ ನಾ ಅವ್ನಿಗಿ ವೋಟ್ ಹಾಕಿಲ್ಲ. ಜೆಸಿಬಿ ಬಂದ್ರ ಹಪ್ಪಳ ಮಾಡಿ ಹೋಗ್ತದ. ನಾವೇ ಬಿಚ್ಚಿದ್ರ ತಗಡರೆ ಉಳೀತಾವ."

"ಎಲ್ಲಿ ಕಟ್ತಿ?"

"ಅದು ಗೊತ್ತಿಲ್ಲ."

ಮಹಾದೇವಪ್ಪ ಪಾನಾ ತಂದ. ತುಕ್ಕು ಹಿಡಿದ ಬೋಲ್ಟುಗಳು ಕಿರ್ರೆನ್ನುತ್ತ ಒಂದೊಂದಾಗಿ ಬಿಟ್ಟವು. ಕೆಂಪು ಗುರುತಿನ ತಗಡನ್ನು ಸಾಬವ್ವ ತಾನೇ ಹಿಡಿದು ಇಳಿಸಿ, ಬಣ್ಣ ಒಳಮುಖವಾಗುವಂತೆ ಗೋಡೆಗೆ ಒರಗಿಸಿದಳು. ಬಿಸಿಲು ನೇರ ಒಲೆಯ ಮೇಲೆ ಬಿತ್ತು. ಮಹಾದೇವಪ್ಪ ಒಲೆಯ ಕಲ್ಲಿಗೆ ಕೈ ಹಾಕಿದಾಗ ಮಾತ್ರ ಅವಳು ತಡೆದಳು.

"ಅದು ಇರ್ಲಿ. ನಸುಕಿನ್ಯಾಗ ಹಮಾಲ್ರು ಬರ್ತಾರ."