ಫೋಟೋದಷ್ಟು ಬೆಳ್ಳಗೆ

"ಸ್ವಲ್ಪ ಬೆಳ್ಳಗೆ ಮಾಡಿಕೊಡು ಅಕ್ಕಾ."

ಸ್ಟುಡಿಯೋಗೆ ಬಂದವರೆಲ್ಲ ಅದನ್ನು ನಡೆಸುವ ಫೋಟೋ ಅಕ್ಕನನ್ನು ಕೇಳುವುದು ಇದನ್ನೇ. ಅವಳಿಗೆ ಅದೇನು ಮಹಾ ಕೆಲಸವಲ್ಲ. ಕಂಪ್ಯೂಟರಿನಲ್ಲಿ ಬೆರಳಾಡಿಸಿದರೆ ಎಂಥ ಮುಖವೂ ತಿಳಿಯಾಗುತ್ತಿತ್ತು. ತನ್ನ ಮಗಳು ಹೋಟೆಲಿನ ಸ್ವಾಗತಕಾರಿಣಿ ಕೆಲಸಕ್ಕೆ ಅರ್ಜಿ ಹಾಕಿದಾಗ, ಅವಳು ಕೇಳದಿದ್ದರೂ ಫೋಟೋ ಬೆಳ್ಳಗೆ ಮಾಡಿ ಕಳಿಸಿದ್ದಳು. ಸಂದರ್ಶನಕ್ಕೆ ಕರೆಯೂ ಬಂತು.

ಈಗ ಆ ಮಗಳು ಊಟ ಕಂಡರೆ ಮುಖ ತಿರುಗಿಸುತ್ತಿದ್ದಳು. ಮೈಯೆಲ್ಲ ತುರಿಕೆ. ಪಕ್ಕದ ಮನೆಯ ನರ್ಸು ಬಂದು, ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕೆಳರೆಪ್ಪೆ ಎಳೆದು ನೋಡಿದಳು.

"ಕಣ್ಣು ಹಳದಿಯಾಗಿದೆ. ಏನಾದ್ರೂ ತಗೋತಿದ್ದೀಯೇನೇ?"

"ಬೆಳ್ಳಗಾಗೋ ಮಾತ್ರೆ, ಅಷ್ಟೇ," ತಾಯಿಯೇ ಹೇಳಿದಳು. "ಗ್ಲುಟಾಥಿಯೋನ್. ನಾನೇ ತರಿಸಿಕೊಟ್ಟೆ. ಆ್ಯಂಟಿಆಕ್ಸಿಡೆಂಟ್ ಕಣೇ, ಮೈಗೆ ಒಳ್ಳೇದು. ಡಬ್ಬಿ ಮೇಲೇ ಬರೆದಿದೆ."

"ಡಬ್ಬಿ ಮೇಲೆ ಏನು ಬೇಕಾದ್ರೂ ಬರೀತಾರೆ. ನೀನು ಫೋಟೋದಲ್ಲಿ ನನ್ನ ಮೂಗನ್ನೇ ಸಣ್ಣ ಮಾಡಿಕೊಟ್ಟಿಲ್ವಾ ಅಕ್ಕಾ?"

ತಾಯಿಗೆ ನಗು ಬರಲಿಲ್ಲ.

"ಪಾರ್ಲರ್‌ನಲ್ಲಿ ಇಂಜೆಕ್ಷನ್ನೂ ಹಾಕಿಸ್ಕೊಂಡೆ," ಮಗಳು ನೆಲ ನೋಡುತ್ತ ಅಂದಳು.

"ಅಯ್ಯೋ! ಯಾಕೇ?"

"ಆ ಫೋಟೋ ನೋಡಿ ಕರೆದಿದ್ದಾರೆ. ಅಲ್ಲಿಗೆ ಹೋಗಿ ನಿಲ್ಲೋದು ನಾನು ತಾನೇ ಅಮ್ಮಾ?"

ನರ್ಸು ನಿಟ್ಟುಸಿರು ಬಿಟ್ಟಳು. "ಈ ವಸ್ತುವನ್ನ ನಮ್ಮ ಮೈಯೇ ತಯಾರಿಸುತ್ತೆ ಅಕ್ಕಾ. ಮಾತ್ರೆ ನುಂಗಿದ್ರೆ ಬಣ್ಣ ಬದಲಾಗುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಕೊಂಚ ತಿಳಿಯಾದ್ರೂ, ಬಿಟ್ಟ ಮೇಲೆ ಮತ್ತೆ ಮೊದಲಿನ ಹಾಗೇ. ಇಂಜೆಕ್ಷನ್ ಅಂತೂ ಇನ್ನೂ ಅಪಾಯ. ಲಿವರ್, ಕಿಡ್ನಿ ಕೆಟ್ಟವರಿದ್ದಾರೆ, ಉಸಿರು ಕಟ್ಟಿದವರೂ ಇದ್ದಾರೆ."

"ಎಷ್ಟೊಂದು ಜನ ತಗೋತಾರಲ್ಲ, ಎಲ್ಲರಿಗೂ ಹೀಗಾಗುತ್ತಾ?" ತಾಯಿ ಕೇಳಿದಳು.

"ಎಲ್ಲರಿಗೂ ಆಗಲ್ಲ. ಯಾರಿಗೆ ಆಗುತ್ತೆ ಅಂತ ಮೊದಲೇ ಗೊತ್ತಾಗೋದೂ ಇಲ್ಲ. ಮಾತು ಸಾಕು, ಆಸ್ಪತ್ರೆಗೆ ಹೊರಡಿ. ಆ ಡಬ್ಬಿನೂ ತಗೊಳ್ಳಿ, ಡಾಕ್ಟರಿಗೆ ತೋರಿಸ್ಬೇಕು."

ಲಿವರ್ ಊದಿಕೊಂಡಿದೆ ಎಂದರು ಡಾಕ್ಟರು. ಪಾರ್ಲರಿನವರು ಸೂಜಿಯಲ್ಲಿ ಏನೇನು ಬೆರೆಸಿದ್ದರೋ, ಹೇಳುವವರೇ ಇಲ್ಲ. ಎಲ್ಲವನ್ನೂ ನಿಲ್ಲಿಸಿ, ಕಾದು ನೋಡಬೇಕು. ಪೂರ್ತಿ ಗುಣವಾಗುತ್ತದೆಂಬ ಭರವಸೆಯನ್ನು ಅವರು ಕೊಡಲಿಲ್ಲ.

ಸಂದರ್ಶನದ ದಿನ ಮಗಳು ವಾರ್ಡಿನಲ್ಲೇ ಮಲಗಿದ್ದಳು. "ಅಮ್ಮಾ, ನಾನು ಕಪ್ಪಗಿದೀನಿ ಅಂತ ನಿಂಗೆ ಬೇಜಾರಿತ್ತಾ?"

ಇಲ್ಲ ಅನ್ನುವ ಮಾತು ತಾಯಿಯ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಉಳಿಯಿತು. ಸುಳ್ಳು ಹೇಳಲು ಆಗಲಿಲ್ಲ.

"ಜನ ಏನಂತಾರೋ ಅಂತ ಹೆದರ್ತಿದ್ದೆ ಕಂದಾ," ಎಂದಳು. "ಇನ್ನು ಆ ಡಬ್ಬಿ ನಮ್ಮ ಹೊಸ್ತಿಲು ತುಳಿಯಲ್ಲ."

ಮಗಳು ಗೋಡೆಯ ಕಡೆ ಹೊರಳಿದಳು.

ಇದನ್ನು ಓದುತ್ತಿರುವ ಅಕ್ಕ, ತಂಗಿ, ತಾಯಂದಿರೇ, ಬಣ್ಣಕ್ಕಾಗಿ ಮಾತ್ರೆ ನುಂಗಬೇಡಿ, ಸೂಜಿಗೆ ಕೈ ಒಡ್ಡಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಇಂದೇ ನಿಲ್ಲಿಸಿ. ಕಣ್ಣು ಹಳದಿಯಾದರೆ, ಮೈಮೇಲೆ ಗುಳ್ಳೆ ಎದ್ದರೆ, ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಏನನ್ನೂ ಮುಚ್ಚಿಡದೆ ಹೇಳಿ. ನಿಮ್ಮ ಮಗಳೂ ಒಂದು ದಿನ "ನಾನು ಕಪ್ಪಗಿದೀನಿ ಅಂತ ಬೇಜಾರಿತ್ತಾ?" ಎಂದು ಕೇಳಬಹುದು. ಆಗ ತಡವರಿಸದೆ "ಇಲ್ಲ" ಎನ್ನುವಂತೆ ಇವತ್ತಿನಿಂದಲೇ ಬಾಳಿ.